ವಾಲ್ವು ಸಿಗಲ್ಲವೆಂದು ರೇಡಿಯೋನ ಗುಜರಿಗೆ ಹಾಕುವ ಮುನ್ನ...

ಶಿವಾಜಿನಗರದ ಬಸ್ಸಿನಲ್ಲಿ ತೊಡೆ ಮೇಲೆ ಟವೆಲ್ ಸುತ್ತಿದ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದೆ. ಕಂಡಕ್ಟರ್ ಬಂದವರೇ, "ಏನ್ ಸಾರ್ ಒಳಗೆ, ಕೋಳಿನಾ? ಲಗೇಜ್ ಆಗುತ್ತೆ" ಎಂದರು. ಟವೆಲ್ ಸರಿಸಿ ತೋರಿಸಿದೆ. ಹಳೇ ವಾಲ್ವ್ ರೇಡಿಯೋ! "ಅಯ್ಯೋ, ನಮ್ಮ ತಾತನ ಮನೇಲೂ ಇತ್ತು ಸಾರ್. ಗುಜರಿಗೆ ಹಾಕಿದ್ವಿ" ಎಂದವರು ನನ್ನೊಬ್ಬನ ಟಿಕೆಟ್ ಮಾತ್ರ ಕೊಟ್ಟು ಮುಂದೆ ಹೋದರು.

ಗುಜರಿಗೆ ಹಾಕಿದ್ವಿ! ಹಲಸೂರು, ಇಂದಿರಾನಗರ, ಕೆ.ಆರ್. ಪುರ, ಎಲ್ಲಿ ಕೇಳಿದರೂ ಇದೇ ಮಾತು. ಯಾಕೆ ಅಂದರೆ ಉತ್ತರವೂ ಒಂದೇ: "ವಾಲ್ವು ಸಿಗಲ್ಲ."

ನಮ್ಮ ಮನೆ ಇರುವುದು ಮರ್ಫಿ ಟೌನಿನಲ್ಲಿ. (ಹೆಸರು ಬಂದದ್ದು ಒಬ್ಬ ಇಂಜಿನಿಯರಿಂದ, ಮರ್ಫಿ ರೇಡಿಯೋದಿಂದಲ್ಲ!) ಅಪ್ಪ ತೀರಿಕೊಂಡ ಮೇಲೂ ಅಮ್ಮ ದಿನಾ ಬೆಳಿಗ್ಗೆ ಅವರ ರೇಡಿಯೋ ಹಾಕುತ್ತಿದ್ದಳು. ಒಂದು ದಿನ ಅದು ಮೌನವಾಯಿತು. ಹತ್ತಿರದ ಅಂಗಡಿಗೆ ಕೊಟ್ಟೆ. ಹಿಂಬದಿ ಬಿಚ್ಚಿಯೂ ನೋಡದೆ ಅವರು ಹೇಳಿದ್ದು: "ಇದಕ್ಕೆ ವಾಲ್ವು ಎಲ್ಲಿಂದ ತರೋಣ? ಒಳಗಿಂದೆಲ್ಲ ಕಿತ್ತು ಬ್ಲೂಟೂತ್ ಬೋರ್ಡು ಕೂರಿಸಿಕೊಡ್ತೀನಿ." ಅಮ್ಮನಿಗೆ ಹೇಳಿದೆ. "ಪೆಟ್ಟಿಗೆ ಇಟ್ಕೊಂಡು ನಾನೇನ್ ಮಾಡಲಿ? ನಿಮ್ಮಪ್ಪ ತಿರುಗಿಸ್ತಿದ್ದ ಗುಂಡಿ ತಿರುಗಿದರೆ ಸ್ಟೇಷನ್ ಬರಬೇಕು" ಎಂದಳು.

ಹಾಗಾಗಿಯೇ ಈ ಬಸ್ ಪ್ರಯಾಣ. ರಸೆಲ್ ಮಾರ್ಕೆಟ್ ಹಿಂದಿನ ಒಂದು ಗಲ್ಲಿಯಲ್ಲಿ ಮೂರು ಅಡಿ ಅಗಲದ ಅಂಗಡಿ. ಮುಂದೆ ಮಗನ ಮೊಬೈಲ್ ಕವರ್ ವ್ಯಾಪಾರ, ಹಿಂದೆ ತಂದೆಯ ಬೆಸುಗೆ ಕಡ್ಡಿ. ಭಾಯ್‌ಗೆ ಎಪ್ಪತ್ತು ದಾಟಿದೆ.

ಅವರು ಮೊದಲು ಮಾಡಿದ ಕೆಲಸ ನೋಡಿ. ವಾಲ್ವುಗಳನ್ನು ಒಂದೊಂದಾಗಿ ಕಿತ್ತು ಬೆಳಕಿಗೆ ಹಿಡಿದರು. "ಗಾಜಿನ ಒಳಗೆ ಬೆಳ್ಳಿ ಬಣ್ಣ ಇದ್ದರೆ ಜೀವ ಇರಬಹುದು. ಹಾಲಿನ ಹಾಗೆ ಬೆಳ್ಳಗಾಗಿದ್ರೆ ಒಳಗೆ ಗಾಳಿ ಹೋಗಿದೆ, ಖತಂ." ನಮ್ಮದರಲ್ಲಿ ಎಲ್ಲಕ್ಕೂ ಬೆಳ್ಳಿ ಇತ್ತು. ಆಮೇಲೆ ಮೀಟರ್ ಹಿಡಿದರು. ನಾಲ್ಕರಲ್ಲಿ ಒಂದರ ಫಿಲಮೆಂಟು ಮಾತ್ರ ಕಟ್ಟಾಗಿತ್ತು. ಯುವೈ85.

"ಇದರ ಹೆಸರಲ್ಲೇ ಜಾತಕ ಇದೆ ಸಾರ್" ಎಂದರು ಭಾಯ್. ಮೊದಲ ಅಕ್ಷರ ಫಿಲಮೆಂಟಿನದು. 'ಇ' ಇದ್ದರೆ 6.3 ವೋಲ್ಟ್. 'ಯು' ಇದ್ದರೆ 100 ಮಿಲಿಆಂಪಿಯರ್, ಎಲ್ಲ ಒಂದರ ಹಿಂದೆ ಒಂದು ಸೇರಿಸಿದ್ದು, ಮೇರಿಯಮ್ಮನ ಹಬ್ಬದ ಸೀರಿಯಲ್ ಲೈಟಿನ ಹಾಗೆ. ಒಂದು ಹೋದರೆ ಎಲ್ಲವೂ ಕತ್ತಲೆ. ಎರಡನೇ ಅಕ್ಷರ ಅದರ ಕೆಲಸ; 'ವೈ' ಅಂದರೆ ಎ.ಸಿ.ಯನ್ನು ಡಿ.ಸಿ. ಮಾಡುವುದು. ಆಮೇಲಿನ 8 ಅಂದರೆ ಒಂಬತ್ತು ಪಿನ್ನಿನ ಬೇಸು.

ಅಂದರೆ ನಮ್ಮ ರೇಡಿಯೋದಲ್ಲಿ ಸತ್ತದ್ದು ಹಾಡುವ ವಾಲ್ವಲ್ಲ, ಕರೆಂಟು ಕೊಡುವ ವಾಲ್ವು. ಅದರ ಕೆಲಸವನ್ನು ಇವತ್ತು ಕೆಲವೇ ರೂಪಾಯಿಯ 1ಎನ್4007 ಡಯೋಡ್ ಮಾಡುತ್ತದೆ!

ಹಾಗಾದರೆ ಡಯೋಡ್ ಹಾಕಿದರೆ ಮುಗಿಯಿತೇ? ಇಲ್ಲ ಸ್ವಾಮಿ. ಅರೆಬರೆ ಕಲಿತವರು ಎಡವುವುದೇ ಇಲ್ಲಿ. ಯುವೈ85ರ ಫಿಲಮೆಂಟು ಸಾಲಿನಲ್ಲಿ 38 ವೋಲ್ಟ್ ತಿನ್ನುತ್ತಿತ್ತು. ಆ ಜಾಗಕ್ಕೆ ಬರೀ ತಂತಿ ಕೊಟ್ಟರೆ ಆ 38 ವೋಲ್ಟ್ ಉಳಿದ ಮೂರರ ತಲೆ ಮೇಲೆ ಕೂರುತ್ತದೆ. ಸಿಗದ ವಾಲ್ವುಗಳು ಇನ್ನೂ ಮೂರು ಸುಡುತ್ತವೆ. ಭಾಯ್ ಲೆಕ್ಕ ಹಾಕಿದರು: 38 ವೋಲ್ಟ್, 100 ಮಿಲಿಆಂಪಿಯರ್, ಅಂದರೆ 380 ಓಮ್. ಅಂಗಡಿಯಲ್ಲಿ ಸಿಗುವುದು 390. ಬಿಸಿ ನಾಲ್ಕು ವಾಟಿನ ಹತ್ತಿರ ಬರುತ್ತದೆ, ಆದ್ದರಿಂದ 10 ವಾಟಿನದೇ ಬೇಕು. ಇನ್ನೊಂದು ವಿಷಯ. ವಾಲ್ವು ನಿಧಾನಕ್ಕೆ ಬಿಸಿಯಾಗಿ ಕರೆಂಟು ಬಿಡುತ್ತದೆ, ಡಯೋಡ್ ಒಮ್ಮೆಗೇ ನುಗ್ಗಿಸುತ್ತದೆ. ಅದಕ್ಕೆ ಲಗಾಮಾಗಿ ಮತ್ತೊಂದು ರೆಸಿಸ್ಟೆನ್ಸು.

ಭಾಯ್ ಅಲ್ಲಿಗೂ ಸ್ವಿಚ್ ಹಾಕಲಿಲ್ಲ. ಹಳೇ ಕಂಡೆನ್ಸರ್‌ಗಳನ್ನು ಬದಲಾಯಿಸಿದರು. "ಔಟ್‌ಪುಟ್ ವಾಲ್ವಿನ ಹಿಂದಿರೋ ಕಂಡೆನ್ಸರ್ ಲೀಕಾದ್ರೆ ಚಿನ್ನದಂಥ ವಾಲ್ವೂ ಸುಡುತ್ತೆ. ಜನ ವಾಲ್ವು ಕೆಟ್ಟಿದೆ ಅಂತಾರೆ. ವಾಲ್ವನ್ನ ಕೊಂದಿದ್ದು ಕಂಡೆನ್ಸರ್!"

ಇನ್ನು ಈ ವಾಲ್ವುಗಳು ಯಾಕೆ ಸಿಗುವುದಿಲ್ಲ? ಒಂದು ಕಾಲದಲ್ಲಿ ಅವು ನಮ್ಮೂರಿನದೇ ಸರಕು. ಜಾಲಹಳ್ಳಿಯ ಬಿಇಎಲ್ ಶುರುವಾದದ್ದು 1954ರಲ್ಲಿ. 1961ರಲ್ಲಿ ಹಾಲೆಂಡಿನ ಫಿಲಿಪ್ಸ್ ಸಹಯೋಗದಿಂದ ಅಲ್ಲಿ ರೇಡಿಯೋ ವಾಲ್ವು ತಯಾರಾಗತೊಡಗಿದವು. ಮರುವರ್ಷವೇ ಅದೇ ಕಾರ್ಖಾನೆಯಲ್ಲಿ ಟ್ರಾನ್ಸಿಸ್ಟರ್ ಯುಗದ ಸಾಮಾನೂ ಬಂತು. ಬರಬರುತ್ತಾ ಟ್ರಾನ್ಸಿಸ್ಟರ್ ಗೆದ್ದಿತು, ವಾಲ್ವು ನಿಂತಿತು.

ಇವತ್ತು ಹೊಸ ವಾಲ್ವು ಬರುವುದು ಸ್ಲೊವಾಕಿಯ, ರಷ್ಯಾ, ಚೀನಾಗಳಿಂದ. ಅದೂ ಹೆಚ್ಚಾಗಿ ಗಿಟಾರ್ ಮತ್ತು ಹಾಡಿನ ಆಂಪ್ಲಿಫೈಯರ್‌ಗಾಗಿ. ಇಎಲ್84, ಇಸಿಸಿ83 ಬೇಕಿದ್ದವರು ಪುಣ್ಯವಂತರು. ಕಂಟೋನ್ಮೆಂಟಿನ ಗಿಟಾರ್ ಹುಡುಗರಿಗೆ ಬೇಕಾದ್ದೂ ಇವೇ. ಆದರೆ ಸ್ಟೇಷನ್ ಹಿಡಿಯುವ ಇಸಿಎಚ್81ರಂಥವು ಗಿಟಾರಿಗೆ ಬೇಡ. ಅವಕ್ಕೆ ಹಳೇ ದಾಸ್ತಾನೇ ಗತಿ.

ಬದಲಿ ಇರುವ ಕಡೆಯೂ ಎಚ್ಚರ ಬೇಕು. ಇಝಡ್80 ಜಾಗಕ್ಕೆ ಇಝಡ್81 ಕೂರುತ್ತದೆ, ಆದರೆ ಫಿಲಮೆಂಟಿಗೆ 0.6 ಆಂಪಿಯರ್ ಬದಲು 1 ಆಂಪಿಯರ್ ಎಳೆಯುತ್ತದೆ. ಟ್ರಾನ್ಸ್‌ಫಾರ್ಮರ್ ತಡೆಯುತ್ತದೆಯೇ ನೋಡಬೇಕು. ಇಎಲ್84ಕ್ಕೆ 6ಬಿಕ್ಯೂ5 ಎಂಬ ಅಮೆರಿಕನ್ ಹೆಸರೂ ಇದೆ, ಎರಡೂ ಒಂದೇ. ರಷ್ಯಾದ 6ಎನ್2ಪಿ ಮಾತ್ರ ಇಸಿಸಿ83ರ ನೆಂಟನಾದರೂ ಫಿಲಮೆಂಟಿನ ವೈರಿಂಗ್ ಬೇರೆ. ಹಾಗೇ ಚುಚ್ಚುವಂತಿಲ್ಲ. ಬೇಸಿಗೆ ಕೂತಿತು ಅಂದ ಮಾತ್ರಕ್ಕೆ ಬದಲಿ ಅಲ್ಲ!

ಮನೆಯಲ್ಲೇ ಕೈಹಾಕುವ ಉತ್ಸಾಹಿಗಳಿಗೆ ಒಂದು ಮಾತು. 'ಯು' ವಾಲ್ವಿನ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಇರದು. ಪ್ಲಗ್ ತಿರುವಿ ಹಾಕಿದರೆ ಒಳಗಿನ ತಗಡಿಗೇ ಮೇನ್ ಲೈನ್. ನಾನು ಬೆರಳಿಟ್ಟು ಬುದ್ಧಿ ಕಲಿತವನು. ದಯವಿಟ್ಟು ನೀವು ಓದಿ ಕಲಿಯಿರಿ.

ಅಂಗಡಿಯವರಲ್ಲೂ ಒಂದು ವಿನಂತಿ. ಅಟ್ಟದ ಮೇಲೆ ಹಳೇ ವಾಲ್ವಿನ ಡಬ್ಬಗಳಿದ್ದರೆ ಕಸಕ್ಕೆ ಸುರಿಯಬೇಡಿ. ಬ್ಲೂಟೂತ್ ಹಾಕಲೇಬೇಕಿದ್ದರೆ ಕಿತ್ತ ವಾಲ್ವುಗಳನ್ನು ಪೇಪರಿನಲ್ಲಿ ಸುತ್ತಿಡಿ. ನಮ್ಮ ರೇಡಿಯೋದಲ್ಲಿ ಕೆಟ್ಟದ್ದು ಒಂದೇ, ಮೂರು ಗಟ್ಟಿಯಾಗಿದ್ದವು. ಆ ಮೊದಲ ಅಂಗಡಿಯಲ್ಲಿ ಬಿಟ್ಟಿದ್ದರೆ ಆ ಮೂರೂ ತೊಟ್ಟಿ ಸೇರುತ್ತಿದ್ದವು. ಅಭಾವ ಇರುವುದು ನಿಜ. ಅದಕ್ಕೆ ನಮ್ಮ ಕೈಯೂ ಸೇರಿದೆ.

ಸಂಜೆ ಮನೆಗೆ ತಂದು ಸ್ವಿಚ್ ಹಾಕಿದೆ. ಒಂದು ಕ್ಷಣ ಮೌನ. ನಿಧಾನವಾಗಿ ಕೆಂಪು ಮೂಡಿತು, ಗೊರಗೊರ ಸದ್ದು, ಆಮೇಲೆ ಆಕಾಶವಾಣಿ. ಅಮ್ಮ ಒಲೆ ಮುಂದಿನಿಂದ ಎದ್ದು ಬಂದು ಗುಂಡಿ ತಾನೇ ತಿರುಗಿಸಿ ದನಿ ಸರಿಮಾಡಿದಳು. ನನಗೆ ಮುಟ್ಟಲು ಬಿಡಲಿಲ್ಲ.

ಹೊರಡುವಾಗ ಭಾಯ್‌ರನ್ನು ಕೇಳಿದ್ದೆ, "ಮಗ ಈ ಕೆಲಸ ಕಲಿತನಾ?" ಅವರು ಮೊಬೈಲ್ ಕವರುಗಳ ಕಡೆ ನೋಡಿ ನಕ್ಕರು. "ವಾಲ್ವಿಗೆ ಡಯೋಡ್ ಹಾಕಿದೆ ಸಾರ್. ನನ್ನ ಜಾಗಕ್ಕೆ ಏನ್ ಹಾಕ್ತೀರಿ?"

ಆ ಗಲ್ಲಿಯ ದಾರಿ ಇವತ್ತಿಗಂತೂ ತೆರೆದಿದೆ. ನಿಮ್ಮ ಅಟ್ಟದ ಮೇಲೂ ಒಂದು ಪೆಟ್ಟಿಗೆ ಇದ್ದರೆ ತಡ ಮಾಡಬೇಡಿ.