ಆಯ್ತಾ, ಮಾಡಿದೆಯಾ?

ಚಳಿಗಾಲ ಬಂತೆಂದರೆ ಅಮೆರಿಕದಲ್ಲಿ ನಾವಿರುವ ಕ್ಯಾರಿಯ ಶಾಲೆಗಳಿಂದ ಹೊಟ್ಟೆಯ ಸೋಂಕು ಸರದಿ ಪ್ರಕಾರ ಮನೆಮನೆಗೆ ಬರುತ್ತದೆ. ಈ ಸಲ ನಮ್ಮ ಸರದಿ. ಬೆಳಗಿನ ಜಾವ ಎರಡು ಸಲ ಕಕ್ಕಿಕೊಂಡಿದ್ದ ಮಗಳು ಹಾಸನದ ಅಜ್ಜಿಗೆ ವಿಡಿಯೋ ಕಾಲ್‌ನಲ್ಲಿ, ‘ಅಜ್ಜಿ, ನಾನು ವಾಂತಿ ಮಾಡಿದೆ’ ಎಂದು ಏನೋ ಸಾಧಿಸಿದವಳ ಹಾಗೆ ಹೇಳಿದಳು. ‘ಅಯ್ಯೋ, ವಾಂತಿ ಆಯ್ತಾ ಪುಟ್ಟೀ?’ ಎಂದರು ಅಮ್ಮ. ಮೊಮ್ಮಗಳ ಲೆಕ್ಕದಲ್ಲಿ ಅದು ಮಾಡಿದ್ದು, ಅಜ್ಜಿಯ ಲೆಕ್ಕದಲ್ಲಿ ಆದದ್ದು.

ನನಗೆ ಲೋಜ್ಬಾನ್ ನೆನಪಾಯಿತು. ಅದು ಯಾರ ತಾಯ್ನುಡಿಯಾಗಿಯೂ ಬೆಳೆದು ಬಂದದ್ದಲ್ಲ, ಕೂತು ಕಟ್ಟಿದ ಭಾಷೆ. ಕಟ್ಟಿದ್ದೂ ನಮ್ಮ ನೆರೆಯಲ್ಲೇ: ಇಲ್ಲಿಂದ ಕಾರಿನಲ್ಲಿ ನಾಲ್ಕೈದು ಗಂಟೆ ಉತ್ತರಕ್ಕೆ, ವಾಷಿಂಗ್ಟನ್ ಪಕ್ಕದ ಫೇರ್‌ಫ್ಯಾಕ್ಸ್‌ನಲ್ಲಿ ನೆಲೆಯಿದ್ದ ಲಾಜಿಕಲ್ ಲ್ಯಾಂಗ್ವೇಜ್ ಗ್ರೂಪ್ 1987ರಲ್ಲಿ ಈ ಕೆಲಸಕ್ಕೆ ಕೈಹಾಕಿತು. ಅದಕ್ಕೂ ಮೊದಲು, 1955ರಲ್ಲಿ, ಜೇಮ್ಸ್ ಕುಕ್ ಬ್ರೌನ್ ಫ್ಲಾರಿಡಾದಲ್ಲಿ ಲಾಗ್ಲಾನ್ ಎಂಬ ಭಾಷೆ ಶುರುಮಾಡಿದ್ದರು. ಆಡುವ ಭಾಷೆ ಯೋಚನೆಯನ್ನು ತಿದ್ದುತ್ತದೆಯೇ ಎಂದು ಪರೀಕ್ಷಿಸುವ ಹಂಬಲ ಅವರದು. ಲಾಗ್ಲಾನಿನ ಹಕ್ಕಿನ ಜಗಳದಲ್ಲಿ ಸಿಡಿದು ಬೇರೆಯಾದವರ ಕೂಸು ಲೋಜ್ಬಾನ್.

ಲೋಜ್ಬಾನಿನಲ್ಲಿ ವಾಂತಿಗೆ ‘ವಾಮ್ತು’! ಕೇಳಿದ ಕನ್ನಡಿಗರು ನಗದೆ ಇರಲಾರರು. ಆದರೆ ನಮ್ಮಿಂದ ಕದ್ದದ್ದೇನಲ್ಲ. ಈ ಭಾಷೆಯ ಮೂಲ ಪದಗಳನ್ನು ಬೆಸೆದದ್ದು ಒಂದು ಕಂಪ್ಯೂಟರ್ ಪ್ರೋಗ್ರಾಂ. ಚೀನಿ, ಇಂಗ್ಲಿಷ್, ಹಿಂದಿ, ಸ್ಪ್ಯಾನಿಷ್, ರಷ್ಯನ್, ಅರಬ್ಬೀ ಈ ಆರು ಭಾಷೆಗಳಿಂದ ಒಂದೇ ಅರ್ಥದ ಆರು ಪದಗಳನ್ನು ಅದರ ಬಾಯಿಗೆ ಹಾಕುವುದು. ಅದು ಐದೈದು ಧ್ವನಿಗಳ ಸಾವಿರಾರು ಜೋಡಣೆ ಮಾಡಿ, ಯಾವ ಜೋಡಣೆಯಲ್ಲಿ ಯಾವ ಭಾಷೆಯ ಪದ ಎಷ್ಟು ಉಳಿದಿದೆ ಎಂದು ಅಂಕ ಕೊಡುತ್ತದೆ. ಮಾತಾಡುವವರು ಹೆಚ್ಚಿದ್ದಷ್ಟೂ ಭಾಷೆಯ ತೂಕ ಹೆಚ್ಚು: 100ರಲ್ಲಿ ಚೀನಿಗೆ 36, ಇಂಗ್ಲಿಷಿಗೆ 21, ಹಿಂದಿಗೆ 16. ಕನ್ನಡಕ್ಕಿರಲಿ, ಯಾವ ದ್ರಾವಿಡ ಭಾಷೆಗೂ ಪಂಕ್ತಿಯಲ್ಲಿ ಎಲೆ ಹಾಕಿಲ್ಲ. ವಾಮ್ತುವಿನ ಬಾಲದಲ್ಲಿ ಚೀನಿಯ ‘ತು’ ಇಡಿಯಾಗಿ ಕೂತಿದೆ, ತಲೆಯಲ್ಲಿ ಅಮೆರಿಕನ್ನರ ‘ವಾಮಿಟ್’ ಕೇಳುತ್ತದೆ. ಆ ವಾಮಿಟ್ಟಿಗೂ ಸಂಸ್ಕೃತದಿಂದ ನಮಗೆ ಬಂದ ವಾಂತಿಗೂ ಇಂಡೋ-ಯುರೋಪಿಯನ್ ಬೇರು ಒಂದೇ. ಹಾಗಾಗಿ ನೆಂಟಸ್ತಿಕೆ ಸುಳ್ಳಲ್ಲ, ಬಳಸಿ ಬಂದದ್ದು ಅಷ್ಟೆ. ತಿನ್ನುವುದಕ್ಕೆ ‘ಶಿತ್ಕ’, ಕುಡಿಯುವುದಕ್ಕೆ ‘ಪಿನ್ಖೆ’, ಕೆಮ್ಮುವುದಕ್ಕೆ ‘ಕಾಫ್ಕೆ’. ಕೊನೆಯದನ್ನು ಕೇಳಿದರೆ ನನಗಂತೂ ಕಫವೇ ಕಟ್ಟುತ್ತದೆ.

ಪದಗಳಿಗಿಂತ ಸೊಗಸು ಅವುಗಳ ಒಳಗಿನ ಖಾನೆಗಳಲ್ಲಿದೆ. ಪ್ರತಿ ಕ್ರಿಯೆಯೂ ಮೊದಲೇ ಗೆರೆ ಎಳೆದಿಟ್ಟ ಅರ್ಜಿ ಫಾರಂ ಇದ್ದ ಹಾಗೆ. ‘ಪಿನ್ಖೆ’ಗೆ ಮೂರು ಖಾನೆ: ಕುಡಿಯುವವರು, ಕುಡಿದದ್ದು, ಯಾವುದರಿಂದ ಕುಡಿದದ್ದು. ಲೋಟವೂ ಪದದ ಅರ್ಥದಲ್ಲೇ ಅಡಗಿದೆ. ನಡೆಯುವುದಕ್ಕೆ ‘ಶಾದ್ಜು’, ಅದರಲ್ಲಿ ನಡೆಯುವವರು, ನೆಲ, ಮತ್ತು ಯಾವ ಅಂಗದ ಮೇಲೆ ನಡೆದದ್ದು ಎನ್ನುವುದಕ್ಕೂ ಜಾಗ. ಕೈಯೂರಿ ನಡೆಯುವವರನ್ನೂ ಆನೆಯನ್ನೂ ಜೇಡವನ್ನೂ ಮರೆತಿಲ್ಲ ನೋಡಿ. ಕಚ್ಚುವ ‘ಬಾತ್ಶಿ’ಗೆ ನಾಲ್ಕು: ಯಾರು, ಯಾರನ್ನು, ಎಲ್ಲಿ, ಯಾವುದರಿಂದ. ಅಳುವ ‘ಕ್ಲಾಕು’ವಿಗೆ ಕಣ್ಣೀರಿಗೊಂದು, ಅಳುವ ಕಾರಣಕ್ಕೊಂದು ಖಾನೆ. ನಿದ್ದೆಗೆ ಮಾತ್ರ ಒಂದೇ, ಮಲಗಿದವರು. ಪ್ರೋಗ್ರಾಂ ಬರೆದವರಿಗೆ ಇದು ಹೊಸತಲ್ಲ. ಫಂಕ್ಷನ್‌ಗೆ ಬೇಕಾದ್ದನ್ನು ಆವರಣದಲ್ಲಿ ಸಾಲಾಗಿ ಕೊಡುವುದೂ ಹೀಗೇ, ಸ್ಥಾನ ತಪ್ಪಿದರೆ ಅರ್ಥ ತಪ್ಪುತ್ತದೆ.

ಎಲ್ಲ ಕೃತಕ ಭಾಷೆಗಳೂ ಇಷ್ಟು ಲೆಕ್ಕಾಚಾರದವಲ್ಲ. 2001ರಲ್ಲಿ ಸೋನ್ಯಾ ಲ್ಯಾಂಗ್ ಪ್ರಕಟಿಸಿದ ಟೋಕಿ ಪೋನಾದಲ್ಲಿ ತಿನ್ನುವುದೂ ಕುಡಿಯುವುದೂ ಊಟವೂ ಎಲ್ಲ ಸೇರಿ ‘ಮೋಕು’. ಉಣ್ಣು, ತಿನ್ನು, ಮುಕ್ಕು, ಜಗಿ, ಚಪ್ಪರಿಸು, ಹೀರು ಎಂದು ಬೇರೆ ಬೇರೆ ಇಟ್ಟುಕೊಂಡ ನಮಗೆ ಅದು ಉಪವಾಸವೇ. ಅದಿರಲಿ, ನಾವು ಏಟು ತಿನ್ನುತ್ತೇವೆ, ಲಂಚ ತಿನ್ನುತ್ತೇವೆ, ಎದುರಿನವರ ತಲೆಯನ್ನೂ ತಿನ್ನುತ್ತೇವೆ. ಲೋಜ್ಬಾನಿನಲ್ಲಿ ತಲೆ ತಿನ್ನುವವರು ‘ಪೆಹಾ’ ಎಂಬ ಪುಟ್ಟ ಪದ ಅಂಟಿಸಿ, ಇದು ಬರಿ ಮಾತಿನ ಚಮತ್ಕಾರ ಎಂದು ತಿಳಿಸಬಹುದು. ಹಾಗೆ ತಿಳಿಸಿ ತಿಂದರೆ ತಿಂದ ಸುಖ ಎಲ್ಲಿ?

ಇನ್ನು ಅಜ್ಜಿ-ಮೊಮ್ಮಗಳ ವ್ಯಾಜ್ಯ. ಸೀನು, ಆಕಳಿಕೆ, ನಿದ್ದೆ ಇವೆಲ್ಲ ಕನ್ನಡದಲ್ಲಿ ನಮಗೆ ‘ಬರುತ್ತವೆ’, ಹೊರಗಿನಿಂದ ಬಂದ ನೆಂಟರ ಹಾಗೆ. ವಾಂತಿ ‘ಆಗುತ್ತದೆ’. ಬೇಕೆಂದೇ ಬೆರಳು ಹಾಕಿದರೆ ‘ಮಾಡಿದ’ ಎಂದೇ ಅನ್ನಬೇಕು. ಮೈಯ ಇಚ್ಛೆ ಯಾವುದು, ಮನಸ್ಸಿನ ಇಚ್ಛೆ ಯಾವುದು ಎಂಬ ಸುಳಿವು ಹೀಗೆ ಕ್ರಿಯಾಪದದಲ್ಲೇ ಸಿಗುತ್ತದೆ. ವಾಮ್ತುವಿನ ಮೊದಲ ಖಾನೆಗೆ ಆ ಗೊಡವೆ ಇಲ್ಲ. ಬೇಕೆಂದು ಮಾಡಿದರೂ ಬೇಡವೆಂದರೂ ಅಲ್ಲಿ ಬರುವುದು ಅದೇ ಹೆಸರು, ಉದ್ದೇಶ ಹೇಳಬೇಕಿದ್ದರೆ ಬೇರೆ ಪದ ತರಬೇಕು. ಬೇಕಿದ್ದರೆ ಆ ಖಾನೆಯನ್ನು ಖಾಲಿ ಬಿಟ್ಟು ಬರಿದೇ ‘ವಾಮ್ತು’ ಎಂದು ಕೂಗಲೂಬಹುದು, ಬೆಂಕಿ ಕಂಡವರು ‘ಬೆಂಕಿ!’ ಎನ್ನುವ ಹಾಗೆ. ಯಾರದೆಂದು ಕೇಳುವ ಮೊದಲು ಬಕೆಟ್ ಹುಡುಕುವವರಿಗೆ ಅಷ್ಟು ಸಾಕು.

ಎರಡನೇ ಖಾನೆ ಹೊರಬಿದ್ದದ್ದು ಏನೆಂಬುದಕ್ಕೆ ಮೀಸಲು. ಅಮ್ಮ ಲೋಜ್ಬಾನ್ ಹೆಸರು ಕೇಳಿದವರಲ್ಲ. ಆದರೂ ಮೊಮ್ಮಗಳು ಕಣ್ಣು ಒರೆಸಿಕೊಳ್ಳುವ ಮೊದಲೇ ಮುಂದಿನ ಪ್ರಶ್ನೆ ಬಂದಿತ್ತು: ‘ಏನು ಬಂತು, ರಾತ್ರಿ ತಿಂದ ಪಿಜ್ಜಾನಾ?’