ಬಾಣಂತಿಯ ಜೀವ ಮತ್ತು ನಮ್ಮ ಸಂಘಗಳು

ಹೆರಿಗೆಯೆಂಬುದು ತವರುಮನೆಯ ಸಂಗತಿಯೆಂದು ನಾವು ನಂಬಿಕೊಂಡು ಬಂದವರು. ಮುಂಬಯಿಯಲ್ಲಿ ಅದು ರಾಜ್ಯದ ಸಂಗತಿಯೂ ಆಗಿ ಬಹುಕಾಲವಾಯಿತು. ಹೆರಿಗೆ ಭತ್ಯೆಯ ಪರವಾಗಿ 1928ರಲ್ಲಿ ಇಲ್ಲಿಯ ಶಾಸನಸಭೆಯಲ್ಲಿ ಡಾ. ಅಂಬೇಡ್ಕರರು ವಾದಿಸಿದರು, 1929ರಲ್ಲಿ ಕಾಯಿದೆಯಾಯಿತು, 1961ರಲ್ಲಿ ಕೇಂದ್ರದ ಕಾನೂನೂ ಬಂದಿತು. ಆದರೆ ಮನೆಮನೆಯಲ್ಲಿ ಪಾತ್ರೆ ತಿಕ್ಕುವ ಹೆಂಗಸಿನ ಹೆಸರು ಯಾವ ಧಣಿಯ ಹಾಜರಿ ಪುಸ್ತಕದಲ್ಲಿದೆ? ಹೋಟೆಲು ನಡೆಸುವ ನಾವೂ ಇದಕ್ಕೆ ಉತ್ತರ ಹೇಳಬೇಕಾದವರೇ.

2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದಿತು. 2011ರ ಕಾರ್ಯಕ್ರಮದಿಂದ ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಶಸ್ತ್ರಕ್ರಿಯೆ, ಔಷಧ, ರಕ್ತ ಎಲ್ಲವೂ ಉಚಿತವಾದವು. ಲಕ್ಷ ಸಜೀವ ಜನನಗಳಿಗೆ 2001-03ರಲ್ಲಿ 301 ಆಗಿದ್ದ ದೇಶದ ತಾಯಂದಿರ ಮರಣ 2018-20ರಲ್ಲಿ 97ಕ್ಕಿಳಿಯಿತು. ಅದೇ ಲೆಕ್ಕದಲ್ಲಿ ಕೇರಳದಲ್ಲಿ 19, ಮಹಾರಾಷ್ಟ್ರದಲ್ಲಿ 33. ನಮ್ಮ ಕರ್ನಾಟಕದಲ್ಲಿ 69! ದಕ್ಷಿಣದ ರಾಜ್ಯಗಳಲ್ಲೆಲ್ಲ ಇದೇ ಹೆಚ್ಚು. ತವರೇ ಸುರಕ್ಷಿತವೆಂಬ ನಮ್ಮ ಅಭಿಮಾನ ತುಸು ತಗ್ಗಲೇಬೇಕು.

ತವರಿಗೆ ಹೋಗಬಾರದೆಂದಲ್ಲ. ಏಳನೆಯ ತಿಂಗಳಲ್ಲಿ ಊರಿಗೆ ಹೊರಟ ಗರ್ಭಿಣಿಯು ಇಲ್ಲಿಯ ತಪಾಸಣೆಯ ಕಾರ್ಡನ್ನು ಪೆಟ್ಟಿಗೆಯಲ್ಲಿ ಬಿಟ್ಟುಹೋದರೆ, ಆಕೆಯ ರಕ್ತಹೀನತೆ, ರಕ್ತದೊತ್ತಡಗಳ ಪೂರ್ವವೃತ್ತಾಂತ ಅಲ್ಲಿಯ ವೈದ್ಯರಿಗೆ ತಿಳಿಯುವುದೆಂತು? ಇಲ್ಲಿಯೇ ಹೆರುವವಳ ಸಂಕಟ ಬೇರೆ ಬಗೆಯದು. ಹೆರಿಗೆಯ ಅನಂತರದ ರಕ್ತಸ್ರಾವ ಕೆಲವೇ ಗಂಟೆಗಳಲ್ಲಿ ಜೀವ ತೆಗೆಯಬಲ್ಲುದು. ಅಂಥ ಹೊತ್ತಿನಲ್ಲಿ ಗಂಡ ಕೆಲಸದಲ್ಲಿರುತ್ತಾನೆ, ನೆರೆಯವರ ಭಾಷೆ ಬಾರದು.

ವರ್ಷಕ್ಕೊಂದು ಯಕ್ಷಗಾನ, ಒಂದು ಸನ್ಮಾನ ನಡೆಸುವ ನಮ್ಮ ಸಂಘಗಳು ರಕ್ತ ಕೊಡಬಲ್ಲ ಸದಸ್ಯರ ಪಟ್ಟಿಯೊಂದನ್ನು ಇಟ್ಟುಕೊಳ್ಳಲಿ. ಮರಾಠಿ ಬಲ್ಲ ಇಬ್ಬರು ಹೆಂಗಸರು ಗರ್ಭಿಣಿಯರೊಡನೆ ಆಸ್ಪತ್ರೆಗೆ ಹೋಗಿಬರಲಿ. ಇದಕ್ಕೆ ತಗಲುವ ವೆಚ್ಚ ಒಂದು ಹಾರ ತುರಾಯಿಯಷ್ಟೂ ಆಗಲಾರದು.