ಹಳೆಯ ಡೆಸ್ಕ್‌ಟಾಪಿಗೆ ಹೊಸ ಕಸಿ

ಬೆಂಗಳೂರಿನ ಕಂಪನಿಗಳು ನಾಲ್ಕೈದು ವರ್ಷ ಬಳಸಿ ಹೊರಹಾಕಿದ ಡೆಸ್ಕ್‌ಟಾಪ್‌ಗಳು ಎಸ್.ಪಿ. ರೋಡಿನ ಅಂಗಡಿಗಳಿಗೆ ಬರುತ್ತವೆ. ಅಲ್ಲಿ ಧೂಳು ಕಳೆದುಕೊಂಡು, ಒಂದಿಷ್ಟು ಒಪ್ಪವಾಗಿ, ಜಿಲ್ಲೆಗಳ ಕಡೆಗೆ ಹೊರಡುತ್ತವೆ. ಗುಬ್ಬಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಚೇಳೂರಿನಂಥ ಊರಿನಲ್ಲಿ ಜೆರಾಕ್ಸ್ ಅಂಗಡಿಯ ಮೇಜಿನಡಿ, ಪದವಿ ಓದುವ ಮಕ್ಕಳ ಮನೆಯಲ್ಲಿ, ಲೆಕ್ಕಪತ್ರ ಬರೆಯುವ ಮಂಡಿಯಲ್ಲಿ ಕೂರಬಹುದಾದ ಪೆಟ್ಟಿಗೆಗಳು ಇವೇ: ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಪ್ರೊಡೆಸ್ಕ್, ಲೆನೊವೊ ಥಿಂಕ್‌ಸೆಂಟರ್. ಕೆಲವು ವರ್ಷಗಳಲ್ಲಿ ಅವು ಹ್ಯಾಂಗ್ ಆಗತೊಡಗುತ್ತವೆ. ‘ಸಿಸ್ಟಮ್ ಹಳೇದಾಯ್ತು ಕಣಣ್ಣ, ಹೊಸದೇ ತಗೊಂಡ್ಬಿಡು’ ಎಂಬ ಸಲಹೆ ಕೂಡಲೇ ಬರುತ್ತದೆ.

ಆ ಸಲಹೆಯನ್ನು ಅಷ್ಟು ಬೇಗ ಒಪ್ಪಬಾರದು. ಇಂಥ ಯಂತ್ರಗಳಲ್ಲಿ ಮುದಿಯಾಗಿರುವುದು ಸಾಮಾನ್ಯವಾಗಿ ಪ್ರೊಸೆಸರ್ ಅಲ್ಲ, ಅದಕ್ಕೆ ಮಾಹಿತಿ ತಂದುಕೊಡುವ ಹಾರ್ಡ್ ಡಿಸ್ಕ್.

ಹಾರ್ಡ್ ಡಿಸ್ಕ್‌ನೊಳಗೆ ಕಾಂತೀಯ ಲೇಪನವಿರುವ ತಟ್ಟೆ ನಿಮಿಷಕ್ಕೆ 7,200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಓದುವ ತಲೆಯನ್ನು ಹೊತ್ತ ತೋಳು ಬೇಕಾದ ಪಥಕ್ಕೆ ಸರಿಯಲು ಸುಮಾರು 8ರಿಂದ 9 ಮಿಲಿಸೆಕೆಂಡ್ ಬೇಕು. ಬಳಿಕ ಬೇಕಾದ ಜಾಗ ತಲೆಯ ಕೆಳಗೆ ಬರುವವರೆಗೆ ಸರಾಸರಿ ಅರ್ಧ ಸುತ್ತು, ಅಂದರೆ ಇನ್ನೂ 4 ಮಿಲಿಸೆಕೆಂಡ್ ಕಾಯಬೇಕು. ಒಂದು ತುಣುಕು ಮಾಹಿತಿ ಹುಡುಕಲು ಒಟ್ಟು ಸುಮಾರು 12 ಮಿಲಿಸೆಕೆಂಡ್. ನಮ್ಮ ಕಣ್ಣಿಗೆ ಅದು ಏನೂ ಅಲ್ಲ. ಆದರೆ 3 ಗಿಗಾಹರ್ಟ್ಸ್ ವೇಗದ ಪ್ರೊಸೆಸರ್‌ನ ಗಡಿಯಾರ ಅಷ್ಟರಲ್ಲಿ 3.6 ಕೋಟಿ ಸಲ ಮಿಡಿದಿರುತ್ತದೆ. ವಿಂಡೋಸ್ ಏಳುವಾಗ ಡಿಸ್ಕಿನ ಮೂಲೆಮೂಲೆಯಲ್ಲಿ ಚದುರಿದ ಸಾವಿರಾರು ಚಿಕ್ಕ ಕಡತಗಳನ್ನು ಓದಬೇಕು. ತೋಳು ಸೆಕೆಂಡಿಗೆ ಎಂಬತ್ತು, ಹೆಚ್ಚೆಂದರೆ ನೂರು ಕಡೆ ಹೋಗಿಬರಬಲ್ಲುದು. ಆನ್ ಮಾಡಿ, ಟೀ ಕುಡಿದು ಬಂದರೂ ಪರದೆಯಲ್ಲಿ ಚಕ್ರ ತಿರುಗುತ್ತಲೇ ಇರುವುದಕ್ಕೆ ಕಾರಣ ಇದು.

ಇದನ್ನು ನೀವೇ ಪರೀಕ್ಷಿಸಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಯಂತ್ರ ಒದ್ದಾಡುತ್ತಿರುವ ಹೊತ್ತಿನಲ್ಲಿ ಡಿಸ್ಕ್ ಎಂಬ ಕಾಲಂ ನೂರು ಪ್ರತಿಶತ ತೋರಿಸಿ, ಸಿಪಿಯು ಕಾಲಂ ಹತ್ತು-ಹದಿನೈದರಲ್ಲೇ ಇದ್ದರೆ ರೋಗ ಗೊತ್ತಾದಂತೆ. ಮೆಮೊರಿ ಕಾಲಂ ತೊಂಬತ್ತು ದಾಟಿದ್ದರೆ ರ‍್ಯಾಮ್ ಕೂಡ ಸಾಲುತ್ತಿಲ್ಲ. ಹಣ ಖರ್ಚು ಮಾಡುವ ಮೊದಲು ಈ ಒಂದು ಪರೀಕ್ಷೆ ಮಾಡಲೇಬೇಕು.

ಡಿಸ್ಕಿನ ರೋಗಕ್ಕೆ ಮದ್ದು ಎಸ್‌ಎಸ್‌ಡಿ. ಅದರಲ್ಲಿ ತಿರುಗುವುದು, ಸರಿಯುವುದು ಏನೂ ಇಲ್ಲ. ನಿರೋಧಕ ಪದರದಿಂದ ಸುತ್ತುವರಿದ ಸೂಕ್ಷ್ಮ ಕೋಶದೊಳಗೆ ಎಲೆಕ್ಟ್ರಾನ್‌ಗಳನ್ನು ಕೂಡಿಹಾಕಿ ಮಾಹಿತಿ ಉಳಿಸುತ್ತಾರೆ. ಸಾಮಾನ್ಯ ನಿಯಮದಂತೆ ದಾಟಲಾಗದ ಗೋಡೆಯನ್ನು ಎಲೆಕ್ಟ್ರಾನ್ ಕ್ವಾಂಟಮ್ ಸುರಂಗ ಪರಿಣಾಮದಿಂದ ದಾಟಿ ಒಳಹೋಗುತ್ತದೆ. ವಿದ್ಯುತ್ ನಿಂತರೂ ಅಲ್ಲೇ ಉಳಿಯುತ್ತದೆ. ಜಪಾನಿನ ತೋಷಿಬಾದಲ್ಲಿದ್ದ ಫುಜಿಯೊ ಮಸುಓಕ ಅವರ ತಂಡ 1987ರಲ್ಲಿ ಜಗತ್ತಿನ ಮುಂದಿಟ್ಟ ನ್ಯಾಂಡ್ ಫ್ಲ್ಯಾಶ್ ಇದೇ. ಪೆನ್ ಡ್ರೈವ್, ಮೊಬೈಲ್ ಎರಡರಲ್ಲೂ ಇರುವುದು ಇದರ ಸಂತತಿಯೇ. 12 ಮಿಲಿಸೆಕೆಂಡ್ ಹಿಡಿಯುತ್ತಿದ್ದ ಹುಡುಕಾಟ ಎಸ್‌ಎಸ್‌ಡಿಯಲ್ಲಿ 0.1 ಮಿಲಿಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ.

ಹೊಸಬರು ಇಲ್ಲಿ ಒಂದು ಆಮಿಷಕ್ಕೆ ಬೀಳುತ್ತಾರೆ. ಎನ್‌ವಿಎಂಇ ಎಂಬ ಪಟ್ಟಿಯಾಕಾರದ ಎಸ್‌ಎಸ್‌ಡಿ ಇನ್ನೂ ಎಷ್ಟೋ ಪಟ್ಟು ವೇಗ ಎಂದು ಓದಿ ಅದನ್ನೇ ಕೊಳ್ಳಲು ಹೊರಡುತ್ತಾರೆ. ಹತ್ತು-ಹನ್ನೆರಡು ವರ್ಷ ಹಿಂದಿನ ಮದರ್‌ಬೋರ್ಡುಗಳಲ್ಲಿ ಅದಕ್ಕೆ ಸ್ಲಾಟ್ ಇರುವುದು ಅಪರೂಪ. ಅಡಾಪ್ಟರ್ ಹಾಕಿದರೂ ಅದರಿಂದ ಬೂಟ್ ಮಾಡಲು ಹಲವು ಹಳೆಯ ಬಯೋಸ್‌ಗಳಿಗೆ ತಿಳಿದಿರುವುದಿಲ್ಲ. ಹಾರ್ಡ್ ಡಿಸ್ಕಿನ ಕೇಬಲ್ಲಿಗೇ ಕೂರುವ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿಯೇ ಸರಿ. ಸಾಟಾ 3 ದಾರಿಯಲ್ಲಿ ಸೆಕೆಂಡಿಗೆ ಗರಿಷ್ಠ 600 ಮೆಗಾಬೈಟ್, ಸಾಟಾ 2ರಲ್ಲಿ 300 ಮೆಗಾಬೈಟ್ ಸಾಗಬಲ್ಲದು. ಹಳೆಯ ದಾರಿಯೇ ಇದ್ದರೂ ಚಿಂತೆಯಿಲ್ಲ. ನಮಗೆ ಸಿಗುವ ಲಾಭ ಬಹುಪಾಲು ಹುಡುಕಾಟದ ಸಮಯದಲ್ಲಿದೆ, ಸಾಗಣೆಯಲ್ಲಲ್ಲ.

ಚೇಳೂರಿನವರಿಗೆ ಕಸಿ ಹೊಸ ವಿಷಯವಲ್ಲ. ಹೆಸರುವಾಸಿಯಾದ ‘ಸಿದ್ದು’ ಹಲಸು ಇಲ್ಲಿನ ಮರ. ಅದರ ಗುಣವನ್ನು ಬೇರೆ ತೋಟಗಳಿಗೆ ತಲುಪಿಸಿದ್ದು ಕಸಿ ಗಿಡಗಳು. ಬೇರುಗಿಡಕ್ಕೂ ಕುಡಿಗೂ ಹೊಂದಿಕೆಯಾದರೆ ಮಾತ್ರ ಕಸಿ ಕೂಡುತ್ತದೆ. ಹಳೆಯ ಕಂಪ್ಯೂಟರಿನ ವಿಷಯದಲ್ಲೂ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಅದೇ: ಈ ಬೋರ್ಡು ಯಾವುದನ್ನು ಒಪ್ಪುತ್ತದೆ?

ರ‍್ಯಾಮ್ ವಿಷಯಕ್ಕೆ ಬಂದರೆ ಹೊಂದಿಕೆಯ ಗುರುತು ಕಣ್ಣಿಗೇ ಕಾಣುತ್ತದೆ. ಡಿಡಿಆರ್3 ಪಟ್ಟಿಗೆ 240 ಪಿನ್, ವೋಲ್ಟೇಜ್ 1.5. ಡಿಡಿಆರ್4 ಪಟ್ಟಿಗೆ 288 ಪಿನ್, ವೋಲ್ಟೇಜ್ 1.2. ಎರಡರ ಕಚ್ಚು ಬೇರೆ ಬೇರೆ ಜಾಗದಲ್ಲಿದೆ, ಒಂದರ ಸ್ಲಾಟಿಗೆ ಇನ್ನೊಂದು ಕೂರುವುದಿಲ್ಲ. ಕೂರದಿದ್ದರೆ ಒತ್ತಬಾರದು. ಬೋರ್ಡಿಗೂ ಮಿತಿಯಿದೆ. ಆಪ್ಟಿಪ್ಲೆಕ್ಸ್ 3020ರಲ್ಲಿ ಎರಡೇ ಸ್ಲಾಟ್, ಗರಿಷ್ಠ 16 ಜಿಬಿ. 4 ಜಿಬಿ ಇದ್ದ ಯಂತ್ರವನ್ನು 8 ಜಿಬಿಗೆ ಏರಿಸಿದರೆ ಬ್ರೌಸರ್, ಪಿಡಿಎಫ್, ವರ್ಡ್ ಒಟ್ಟಿಗೆ ತೆರೆದು ಕೆಲಸ ಮಾಡಬಹುದು. ಇದ್ದದ್ದರಂಥದೇ ಇನ್ನೊಂದು ಪಟ್ಟಿ ಹಾಕಿದರೆ ಎರಡೂ ಜೋಡಿಯಾಗಿ ದುಡಿದು ಒಂದಿಷ್ಟು ವೇಗ ಹೆಚ್ಚುತ್ತದೆ. ಸರ್ವರ್‌ಗಳಿಂದ ಕಳಚಿದ ರಿಜಿಸ್ಟರ್ಡ್ ರ‍್ಯಾಮ್ ಅಗ್ಗಕ್ಕೆ ಸಿಗುತ್ತದೆ. ಇಂಥ ಆಫೀಸು ಯಂತ್ರಗಳಲ್ಲಿ ಅದು ಕೆಲಸ ಮಾಡುವುದಿಲ್ಲ, ಕೊಳ್ಳಬೇಡಿ.

ಕಂಪನಿಗಳು ತಮ್ಮದೇ ಬೇಲಿ ಹಾಕಿರುವುದು ಯಂತ್ರಕ್ಕೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಸುತ್ತ. 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ಮಾನದಂಡದ ದೆಸೆಯಿಂದ ಅಸೆಂಬಲ್ ಮಾಡಿದ ಬಹುತೇಕ ಪಿಸಿಗಳಿಗೆ ಯಾರದೇ ಎಸ್‌ಎಂಪಿಎಸ್ ಹೊಂದುತ್ತದೆ. ಈಗ ಅದರ ಮುಖ್ಯ ಕನೆಕ್ಟರ್‌ನಲ್ಲಿ 24 ಪಿನ್. ಆದರೆ 2013ರ ಹೊತ್ತಿನ ಆಪ್ಟಿಪ್ಲೆಕ್ಸ್ 9020ರಲ್ಲಿ 8 ಪಿನ್, ಅದೇ ಕಾಲದ ಎಚ್‌ಪಿ ಎಲೈಟ್‌ಡೆಸ್ಕ್ 800 ಜಿ1ರಲ್ಲಿ 6 ಪಿನ್, ಹಲವು ಥಿಂಕ್‌ಸೆಂಟರ್‌ಗಳಲ್ಲಿ 14 ಅಥವಾ 10 ಪಿನ್. ಎಸ್‌ಎಂಪಿಎಸ್ ಸುಟ್ಟರೆ ಆ ಮಾದರಿಯದನ್ನೇ ಹುಡುಕಬೇಕು, ಇಲ್ಲವೇ ಪರಿವರ್ತಕ ಕೇಬಲ್ ಹಾಕಬೇಕು. ಬಳಸಿ ಬಿಸಾಡುವ ಬದಲು ರಿಪೇರಿ ಮಾಡಿ ಬಾಳಿಸುವ ನಮ್ಮಂಥ ಊರುಗಳಿಗೆ ಇದು ದೊಡ್ಡ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಗ್ರಾಫಿಕ್ಸ್ ಕಾರ್ಡ್ ಹಾಕುವ ಆಸೆಗೂ ಇಲ್ಲೇ ತಡೆ ಬೀಳುತ್ತದೆ. ಸಣ್ಣ ಕ್ಯಾಬಿನೆಟ್‌ಗಳ ಎಸ್‌ಎಂಪಿಎಸ್ ಸಾಮರ್ಥ್ಯ ಸುಮಾರು 250 ವಾಟ್. ಬೋರ್ಡಿನ ಸ್ಲಾಟ್ ಕಾರ್ಡಿಗೆ ಕೊಡುವುದು ಗರಿಷ್ಠ 75 ವಾಟ್. ಜಾಗವೂ ಅರ್ಧ ಎತ್ತರದ ಕಾರ್ಡಿಗಷ್ಟೇ. ಪ್ರೊಸೆಸರ್ ಬದಲಿಸುವುದಾದರೆ ಅದೇ ಸಾಕೆಟ್‌ನ, ಆ ಬೋರ್ಡು ಒಪ್ಪುವ ತಲೆಮಾರಿನದೇ ಆಗಬೇಕು. ಅರ್ಜಿ ತುಂಬುವುದು, ಟೈಪಿಂಗ್, ಆನ್‌ಲೈನ್ ಪಾಠಕ್ಕೆ ಈ ಎರಡರಿಂದಲೂ ಸಿಗುವ ಲಾಭ ಕಡಿಮೆ.

ಕ್ಯಾಬಿನೆಟ್ ಬಿಚ್ಚುವ ಮೊದಲು ಕಡತಗಳನ್ನು ಬೇರೆ ಡ್ರೈವಿಗೆ ನಕಲು ಮಾಡಿಕೊಳ್ಳಿ. ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿದು ಬೋರ್ಡಿನಲ್ಲಿ ಉಳಿದ ವಿದ್ಯುತ್ ಹರಿದುಹೋಗಲು ಬಿಡಿ. ತುಮಕೂರು ಸೀಮೆಯ ಒಣಹವೆಯಲ್ಲಿ ಮೈಮೇಲೆ ಸ್ಥಿರ ವಿದ್ಯುತ್ ಸುಲಭವಾಗಿ ಕೂಡುತ್ತದೆ. ಚುರುಕ್ ಎಂದು ನಮಗೆ ತಾಕುವಾಗ ಅದು ಸುಮಾರು 3,000 ವೋಲ್ಟ್ ಮುಟ್ಟಿರುತ್ತದೆ. ಅದಕ್ಕಿಂತ ಎಷ್ಟೋ ಕಡಿಮೆಗೇ ಚಿಪ್ ಕೆಡಬಹುದು, ನಮಗೆ ತಿಳಿಯುವುದೂ ಇಲ್ಲ. ಬಣ್ಣ ಹಚ್ಚದ ಲೋಹದ ಭಾಗವನ್ನು ಆಗಾಗ ಮುಟ್ಟುತ್ತಾ ಕೆಲಸ ಮಾಡಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬೇಡಿ. 230 ವೋಲ್ಟಿನ ಎಸಿ ಅದರೊಳಗೆ ಸುಮಾರು 325 ವೋಲ್ಟ್ ಡಿಸಿ ಆಗಿ ಕೆಪಾಸಿಟರ್‌ನಲ್ಲಿ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಲಹೊತ್ತು ಉಳಿಯಬಹುದು.

ಬಿಚ್ಚಿದ ಮೇಲೆ ಧೂಳು ತೆಗೆಯಿರಿ. ಹೀಟ್‌ಸಿಂಕ್‌ನ ಸಂದುಗಳಲ್ಲಿ ಧೂಳು ಕಟ್ಟಿದರೆ ಬಿಸಿ ಹೊರಹೋಗದೆ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಗಾಳಿ ಊದುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿಯಿರಿ. ನಾಣ್ಯದಾಕಾರದ ಸಿಆರ್2032 ಬ್ಯಾಟರಿಯನ್ನೂ ಬದಲಿಸಿ. ಅದು ಸೋತರೆ ಯಂತ್ರದ ದಿನಾಂಕ ಹಿಂದೆ ಹೋಗುತ್ತದೆ. ದಿನಾಂಕ ತಪ್ಪಾದರೆ ಜಾಲತಾಣಗಳ ಭದ್ರತಾ ಪ್ರಮಾಣಪತ್ರ ತಾಳೆಯಾಗದೆ, ಪಹಣಿ ತೆಗೆಯುವ ಪುಟವೂ ತೆರೆಯದು. ಇಂಟರ್ನೆಟ್ ಸರಿಯಿಲ್ಲ ಎಂದು ಬೈಯುವ ಮೊದಲು ಗಡಿಯಾರ ನೋಡಿ.

ಇನ್ನು ಉಳಿದದ್ದು ಆಪರೇಟಿಂಗ್ ಸಿಸ್ಟಮ್. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಕೋರ್ ಆದರೆ ಬಹುಮಟ್ಟಿಗೆ ಎಂಟನೆಯ ತಲೆಮಾರು ಅಥವಾ ಅದರ ನಂತರದ್ದಿರಬೇಕು. ಎಸ್‌ಎಸ್‌ಡಿ ಹಾಕಿದರೂ ಹಳೆಯ ಯಂತ್ರ ಈ ಗೆರೆ ದಾಟುವುದಿಲ್ಲ. ಅಂಥ ಯಂತ್ರಕ್ಕೆ ಲಿನಕ್ಸ್ ಮಿಂಟ್, ಉಬುಂಟು ಎಂಬ ಉಚಿತ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ಗಳಿವೆ. ಯೂನಿಕೋಡ್ ಕನ್ನಡ ಟೈಪಿಂಗ್ ಅವುಗಳಲ್ಲಿ ಚೆನ್ನಾಗಿ ಆಗುತ್ತದೆ, ಪೆನ್ ಡ್ರೈವಿನಿಂದಲೇ ಓಡಿಸಿ ನೋಡುವ ಅನುಕೂಲವೂ ಇದೆ. ಬೆರಳುಗುರುತು ಓದುವ ಯಂತ್ರ, ಡಿಜಿಟಲ್ ಸಹಿಯ ಡಾಂಗಲ್ ಬಳಸುವ ಅಂಗಡಿಯವರು ಅವು ಲಿನಕ್ಸ್‌ನಲ್ಲಿ ನಡೆಯುತ್ತವೆಯೇ ಎಂದು ಮೊದಲು ಖಚಿತ ಮಾಡಿಕೊಳ್ಳಬೇಕು.

ಇಷ್ಟೆಲ್ಲ ಪಾಡು ಯಾಕೆ ಎಂದರೆ, ಒಂದು ಕಂಪ್ಯೂಟರಿನ ತೂಕ ಅದರ ಡಬ್ಬಿಯಲ್ಲಷ್ಟೇ ಇಲ್ಲ. 17 ಇಂಚಿನ ಹಳೇಕಾಲದ ಮಾನಿಟರ್ ಸಹಿತ ಒಂದು ಡೆಸ್ಕ್‌ಟಾಪ್ ತಯಾರಿಸಲು 240 ಕಿಲೋ ಪಳೆಯುಳಿಕೆ ಇಂಧನ, 22 ಕಿಲೋ ರಾಸಾಯನಿಕ, 1,500 ಕಿಲೋ ನೀರು ಬೇಕಾಗುತ್ತದೆ ಎಂದು ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ ಅಧ್ಯಯನ 2004ರಲ್ಲಿ ಲೆಕ್ಕ ಹಾಕಿತ್ತು. ಆ ಖರ್ಚು ಆಗಲೇ ಆಗಿಹೋಗಿದೆ. ಯಂತ್ರವನ್ನು ಇನ್ನು ನಾಲ್ಕು ವರ್ಷ ದುಡಿಸಿದರೆ ಅಷ್ಟೂ ಲಾಭ.

ಎಲ್ಲ ಯಂತ್ರಕ್ಕೂ ಈ ಮಾತು ಸಲ್ಲದು. ಕೋರ್ 2 ಡ್ಯುಯೊ ಕಾಲದ್ದಾದರೆ ಹಣ ಹಾಕಬೇಡಿ. ನಾಲ್ಕನೆಯ ತಲೆಮಾರಿನ ಕೋರ್ ಐ3, ಐ5 ಅಥವಾ ಅದರ ನಂತರದ್ದಾದರೆ ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್, ಹೊಸ ಬ್ಯಾಟರಿ ಹಾಕಿ, ಅಲ್ಲಿಗೆ ನಿಲ್ಲಿಸಿ. ಕಳಚಿದ ಹಾರ್ಡ್ ಡಿಸ್ಕನ್ನು ಮಾತ್ರ ಗುಜರಿಗೆ ಹಾಗೇ ಹಾಕಬೇಡಿ. ಡಿಲೀಟ್ ಒತ್ತಿದರೆ ಕಡತದ ಹೆಸರಷ್ಟೇ ಅಳಿಯುತ್ತದೆ, ಒಳಗಿನದು ಉಳಿದಿರುತ್ತದೆ. ಜೆರಾಕ್ಸ್ ಅಂಗಡಿಯ ಡಿಸ್ಕಿನಲ್ಲಿ ಊರಿನವರ ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಹಣಿಗಳ ಪ್ರತಿಗಳಿರುತ್ತವೆ. ಇಡೀ ಡಿಸ್ಕನ್ನು ಪೂರ್ತಿ ಅಳಿಸಿದ ಮೇಲಷ್ಟೇ ಅದು ನಿಮ್ಮ ಕೈಬಿಡಲಿ.